ಕೊಟ್ಟಿಗೆಗೂ ಮನೆಗೂ ನಡುವಿನ ಜಾಗ: ಕಡಿಮೆ ಖರ್ಚಿನಲ್ಲಿ ಒಪ್ಪ ಓರಣ

(ಕಾಗವಾಡದಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ಇಂಥ ಶಿಬಿರಗಳಲ್ಲಿ ನಾವು ಸಾಮಾನ್ಯವಾಗಿ ಆಕಳ ತಳಿ, ಹಸಿರು ಮೇವು, ಹಿಂಡಿ, ಲಸಿಕೆ ಇವುಗಳ ಬಗ್ಗೆ ಮಾತನಾಡುತ್ತೇವೆ. ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ಕೊಟ್ಟಿಗೆಯಿಂದ ಮನೆಯೊಳಗೆ ಬರುವಾಗ ನೀವು ಚಪ್ಪಲಿ ಬಿಡುತ್ತೀರಲ್ಲ, ಆ ಜಾಗದ ವಿಷಯ. ಹೆಚ್ಚೆಂದರೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ. ಕೆಲವರ ಮನೆಯಲ್ಲಿ ಅದು ಹಿತ್ತಲ ಬಾಗಿಲ ಮುಂದೆ ಇರುತ್ತದೆ, ಕೆಲವರ ಮನೆಯಲ್ಲಿ ಪಡಸಾಲೆಯ ಮೂಲೆಯಲ್ಲಿ.

ಈ ಜಾಗದಲ್ಲಿ ಈಗ ಏನೇನಿದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಸಗಣಿ ಮೆತ್ತಿದ ಚಪ್ಪಲಿ, ಕುಡಗೋಲು, ಹಗ್ಗ, ಒದ್ದೆ ಗೋಣಿಚೀಲ, ಅರ್ಧ ಖಾಲಿಯಾದ ಹಿಂಡಿ ಚೀಲ, ಔಷಧ ಹೊಡೆಯುವ ಪಂಪು, ಅದರ ಪಕ್ಕದಲ್ಲೇ ಬೋರಲು ಹಾಕಿದ ಹಾಲಿನ ಕ್ಯಾನು, ಅದಕ್ಕೆ ಒರಗಿಸಿಟ್ಟ ಮಗುವಿನ ಶಾಲೆಯ ಚೀಲ. ನಾನು ದಿನವೂ ನೋಡುವ ಮನೆಗಳ ಚಿತ್ರವಿದು. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ನಸುಕಿನಲ್ಲೆದ್ದು ಎರಡು ಎಮ್ಮೆ, ಒಂದು ಆಕಳು ಹಿಂಡಿ, ಡೇರಿಗೆ ಹಾಲು ಕಳಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಕಬ್ಬಿನ ಹೊಲಕ್ಕೆ ಹೋಗುವ ತಾಯಿಗೆ ವಸ್ತು ಎಲ್ಲಿ ಇಡಬೇಕೆಂದು ಯೋಚಿಸಲು ಹೊತ್ತಿಲ್ಲ. ಅದಕ್ಕಾಗಿಯೇ ಒಮ್ಮೆ ಕೂತು ಯೋಚಿಸಿ ಪ್ರತಿಯೊಂದಕ್ಕೂ ಜಾಗ ಗೊತ್ತುಮಾಡಿಬಿಟ್ಟರೆ, ಆಮೇಲೆ ದಿನವೂ ಯೋಚಿಸಬೇಕಾಗಿಲ್ಲ.

ಹಿರಿಯರ ಮನೆಯಿಂದ ಕಲಿಯಬೇಕಾದದ್ದು

ನಮ್ಮ ಭಾಗದ ಹಳೆಯ ಮಣ್ಣಿನ ಮನೆಗಳಲ್ಲಿ ತಲಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗವಿತ್ತು, ಅದಕ್ಕಿಂತ ಎತ್ತರದಲ್ಲಿ ಮನುಷ್ಯರು ಕೂಡುವ ಪಡಸಾಲೆಯಿತ್ತು. ಅದಕ್ಕೆ ಹತ್ತಲು ಪಾವಟಿಗೆ, ಪಕ್ಕದಲ್ಲಿ ನೀರಿನ ಹರವಿ. ಗೋಡೆಯಲ್ಲಿ ಗೂಟ, ಗೋಡೆಯೊಳಗೆ ಮಾಡ. ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು.

ಆ ಮನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಬೆಳಕು ಕಡಿಮೆ, ಗಾಳಿ ಕಡಿಮೆ, ದನಗಳ ಉಸಿರು ಮನುಷ್ಯರ ಹಾಸಿಗೆಗೆ ತಾಗುತ್ತಿತ್ತು. ದನಗಳು ಬೇರೆ ಕೊಟ್ಟಿಗೆಯಲ್ಲಿರುವುದೇ ಸರಿ. ಆದರೆ ಮೂರು ಒಳ್ಳೆಯ ಪದ್ಧತಿಗಳು ಅಲ್ಲಿದ್ದವು: ಕೊಳೆ ಕೆಳಗೆ, ಮನೆ ಮೇಲೆ, ಎರಡರ ನಡುವೆ ನೀರು, ಪ್ರತಿಯೊಂದು ವಸ್ತುವಿಗೂ ಗೊತ್ತಾದ ಗೂಟ.

ಈಗ ನಾವು ಸಿಮೆಂಟಿನ ಮನೆ ಕಟ್ಟಿದ್ದೇವೆ. ಕೃಷ್ಣೆಯ ಪ್ರವಾಹ 2005ರಲ್ಲಿ ಬಂತು, 2019ರಲ್ಲಿ ಬಂತು, 2021ರಲ್ಲಿ ಮತ್ತೆ ಬಂತು. ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರಿನಂಥ ನದಿ ದಂಡೆಯ ಊರುಗಳವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಬಿದ್ದ ಮಣ್ಣಿನ ಗೋಡೆಯ ಜಾಗದಲ್ಲಿ ಇಟ್ಟಿಗೆ ಗೋಡೆ ಎದ್ದಿತು. ಆದರೆ ಹೊಸ ಮನೆಯಲ್ಲಿ ಮಾಡವಿಲ್ಲ, ಗೂಟವಿಲ್ಲ, ಪಾವಟಿಗೆಯೂ ಇಲ್ಲ. ಕೊಟ್ಟಿಗೆಯ ನೆಲವೂ ಅಡುಗೆಮನೆಯ ನೆಲವೂ ಒಂದೇ ಮಟ್ಟದಲ್ಲಿ ಸೇರಿಕೊಂಡಿವೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಕಾಲಿಗೆ ಅಂಟಿದರೆ ಬಿಡುವುದಿಲ್ಲ. ಅದು ಸಗಣಿ, ಉಚ್ಚೆಯೊಡನೆ ನೇರವಾಗಿ ಒಲೆಯ ತನಕ ಬರುತ್ತದೆ.

ಕಾಲಿನೊಡನೆ ಬರುವ ರೋಗಗಳು

ಮಣ್ಣು ಕಂಡರೆ ಗುಡಿಸಬಹುದು. ಕಾಣದೆ ಬರುವುದರ ಬಗ್ಗೆ ಎಚ್ಚರ ಬೇಕು.

ಮೊದಲನೆಯದು ಕಾಲುಬಾಯಿ ಬೇನೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಬೇನೆಗೆ ಸಾವಿರಾರು ದನಗಳು ಸತ್ತದ್ದು ನಿಮಗೆ ನೆನಪಿರಬಹುದು. ಇದರ ವೈರಾಣು ದನದಿಂದ ದನಕ್ಕೆ ಮಾತ್ರವಲ್ಲ, ಚಪ್ಪಲಿ, ಬಟ್ಟೆ, ಹಗ್ಗ, ಗಾಡಿಯ ಗಾಲಿಗಳ ಮೂಲಕವೂ ಹರಡುತ್ತದೆ. ಕಾಗವಾಡ ಗಡಿಯ ಊರು. ಬೆಳಿಗ್ಗೆ ಮಿರಜಿಗೆ ಹೋಗಿ ಸಂಜೆ ಮರಳುವವರು ನಾವು. ದನದ ಸಂತೆಗೆ ಹೋದವರು, ಮನೆಗೆ ಬಂದ ವ್ಯಾಪಾರಿಗಳು, ಕೃತಕ ಗರ್ಭಧಾರಣೆಗೆ ಬರುವ ಕಾರ್ಯಕರ್ತರು, ಚಿಕಿತ್ಸೆಗೆ ಬರುವ ನಾನು, ಎಲ್ಲರ ಪಾದರಕ್ಷೆಯೂ ಹತ್ತು ಕೊಟ್ಟಿಗೆ ತುಳಿದು ಬಂದದ್ದೇ. ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಆರಂಭವಾದ ಮೇಲೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಮನೆಬಾಗಿಲಿಗೆ ಬರುತ್ತಿದೆ. ಅದನ್ನು ತಪ್ಪದೆ ಹಾಕಿಸಿ. ಲಸಿಕೆಯ ಜೊತೆಗೆ ಬಾಗಿಲಲ್ಲಿ ಒಂದು ತಡೆಯೂ ಇರಲಿ.

ಎರಡನೆಯದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ಗಬ್ಬದ ಕೊನೆಯ ತಿಂಗಳುಗಳಲ್ಲಿ ಆಕಳು, ಎಮ್ಮೆ ಕರು ಹಾಕಿಬಿಡುತ್ತವೆ. ಆ ಮಾಸು, ನೀರು, ಸತ್ತ ಕರು ಇವುಗಳಲ್ಲಿ ರೋಗಾಣು ತುಂಬಿರುತ್ತದೆ. ಅದು ಮನುಷ್ಯರಿಗೂ ತಗಲುತ್ತದೆ. ಬಂದು ಹೋಗಿ ಮತ್ತೆ ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ಸೊಂಟ ನೋವು ತಿಂಗಳುಗಟ್ಟಲೆ ಕಾಡುತ್ತವೆ. ಗರ್ಭಿಣಿಯರಿಗೆ ಗರ್ಭಪಾತದ ಅಪಾಯವಿದೆ.

ಈ ರೋಗದ ಇತಿಹಾಸದಲ್ಲಿ ನಮಗೊಂದು ಪಾಠವಿದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಕಾರಣ ತಿಳಿಯದ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ರೋಗಾಣುವನ್ನು ಕಂಡುಹಿಡಿದರು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದದ್ದು 1905ರಲ್ಲಿ, ತೆಮಿಸ್ಟೊಕ್ಲಿಸ್ ಝಮ್ಮಿಟ್ ಎಂಬ ಅಲ್ಲಿಯ ವೈದ್ಯರು ಆಡುಗಳನ್ನು ಪರೀಕ್ಷಿಸಿದಾಗ. ನೋಡಲು ಆರೋಗ್ಯವಾಗಿದ್ದ ಆಡುಗಳ ಹಾಲಿನಲ್ಲೇ ರೋಗಾಣುವಿತ್ತು. ಮರುವರ್ಷ ಸೈನಿಕರಿಗೆ ಹಸಿ ಹಾಲು ಕೊಡುವುದನ್ನು ನಿಲ್ಲಿಸಿದರು, ಜ್ವರ ಬಹುಮಟ್ಟಿಗೆ ಇಳಿಯಿತು. ಔಷಧದಿಂದಲ್ಲ, ಒಂದು ಅಭ್ಯಾಸ ಬದಲಿಸಿದ್ದರಿಂದ. ನೋಡಲು ಚೆನ್ನಾಗಿರುವ ಆಕಳೂ ರೋಗ ಹೊತ್ತಿರಬಹುದು, ಆದ್ದರಿಂದ ಹಾಲು ಕಾಯಿಸಿಯೇ ಕುಡಿಯಿರಿ, ಕೈ ತೊಳೆದೇ ಒಳಗೆ ಹೋಗಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುವ ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸಿ.

ಮೂರನೆಯದು ರೋಗವಲ್ಲ, ಹಾಲು ಒಡೆಯುವುದು. ಕೆಚ್ಚಲಿನಿಂದ ಬಂದ ಹಾಲು ಬೆಚ್ಚಗಿರುತ್ತದೆ. ಅಂಥ ಹಾಲಿನಲ್ಲಿ ಸೂಕ್ಷ್ಮಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಹಾಗಾದರೆ ಒಂದು ಇದ್ದದ್ದು ಮೂರು ಗಂಟೆಯಲ್ಲಿ ಐನೂರು ದಾಟುತ್ತದೆ. ನದಿ ದಂಡೆಯ ಊರಿನ ಒಂದು ಮನೆಯಲ್ಲಿ ಬೇಸಿಗೆಯ ಸಂಜೆ ಹಾಲು ಪದೇಪದೇ ಹುಳಿಯಾಗುತ್ತಿತ್ತು. ಎಮ್ಮೆಗೆ ಕೆಚ್ಚಲು ಬಾವಿರಬೇಕೆಂದು ನನ್ನನ್ನು ಕರೆದರು. ಕೆಚ್ಚಲು ಪರೀಕ್ಷೆ ಮಾಡಿದೆ, ದೋಷವಿರಲಿಲ್ಲ. ದೋಷ ಕ್ಯಾನಿನಲ್ಲಿತ್ತು. ಬೆಳಿಗ್ಗೆ ತೊಳೆದ ಕ್ಯಾನನ್ನು ಒದ್ದೆ ಇದ್ದಂತೆಯೇ ಮುಚ್ಚಳ ಬಿಗಿದು ಚಪ್ಪಲಿಯ ಪಕ್ಕ ಇಡುತ್ತಿದ್ದರು. ಸಂಜೆಯ ತನಕ ಒಳಗಿನ ತೇವ, ಸೆಕೆಯಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತಿದ್ದವು. ಕ್ಯಾನು ಬೋರಲು ಹಾಕಲು ಬಿದಿರಿನ ಒಂದು ಅಟ್ಟಣಿಗೆ ಮಾಡಿಕೊಟ್ಟ ಮೇಲೆ ದೂರು ನಿಂತಿತು.

ಒಂದು ಗೆರೆ ಎಳೆಯಿರಿ

ಎಲ್ಲಕ್ಕೂ ಮೂಲ ಸೂತ್ರ ಒಂದೇ. ಈ ಜಾಗದ ನಡುವೆ ಒಂದು ಗೆರೆ ಇದೆ ಎಂದು ತಿಳಿಯಿರಿ. ಗೆರೆಯ ಆಚೆ ಕೊಟ್ಟಿಗೆಯದು, ಈಚೆ ಮನೆಯದು. ಕೊಟ್ಟಿಗೆಯ ವಸ್ತು ಗೆರೆ ದಾಟಿ ಈಚೆ ಬರಬಾರದು, ಮನೆಯ ವಸ್ತು ಆಚೆ ಹೋಗಬಾರದು. ಗೆರೆಯ ಮೇಲೆ ನೀರು ಇರಬೇಕು. ಇಷ್ಟನ್ನು ಹೇಗೆ ಮಾಡಿಕೊಳ್ಳಬಹುದು ನೋಡೋಣ.

1. ಮೆಟ್ಟಿಲು ಮತ್ತು ನೆಲ: ಎರಡು ಸಾಲು ಇಟ್ಟಿಗೆ ಇಟ್ಟು ಒಂಬತ್ತು ಇಂಚು ಎತ್ತರದ ಮೆಟ್ಟಿಲು ಮಾಡಿ. ಅದೇ ಗೆರೆ. ಮೆಟ್ಟಿಲ ಕೆಳಗಿನ ನೆಲಕ್ಕೆ ಶಹಾಬಾದ ಫರಸಿಯ ಒಡೆದ ತುಂಡುಗಳು ಸಾಕು. ಮನೆ ಕಟ್ಟಿದವರ ಹಿತ್ತಲಲ್ಲಿ ಅವು ಬಿದ್ದಿರುತ್ತವೆ. ನುಣುಪಾದ ಟೈಲ್ಸ್ ಬೇಡ. ಒದ್ದೆ ಕಾಲು ಜಾರುತ್ತದೆ, ಕೈಯಲ್ಲಿ ಹಾಲಿನ ಬಕೀಟು ಇರುತ್ತದೆ. ನಾಲ್ಕು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಕೊಟ್ಟು, ತೊಳೆದ ನೀರು ಹಿತ್ತಲ ಬಾಳೆಗಿಡಕ್ಕೆ ಹೋಗುವಂತೆ ಮಾಡಿ.

2. ಚಪ್ಪಲಿ: ಕೊಟ್ಟಿಗೆಗೆ ಒಂದು ಜೋಡಿ, ಹೊರಗೆ ಒಂದು ಜೋಡಿ. ಇದನ್ನು ಹೇಳಿದಾಗ ಒಬ್ಬ ತಾಯಿ, "ಡಾಕ್ಟರ್ರ, ಒಂದ್ ಜೋಡಿ ತರೂದ ಕಷ್ಟ ಐತ್ರಿ, ನೀವು ಎರಡ ಅಂತೀರಿ" ಎಂದರು. ಹೊಸದು ತರಬೇಕಾಗಿಲ್ಲ. ಸವೆದು ಮೂಲೆಗೆ ಬಿದ್ದ ರಬ್ಬರಿನ ಚಪ್ಪಲಿಗೆ ಪಟ್ಟಿ ಹಾಕಿಸಿದರೆ ಕೊಟ್ಟಿಗೆಗೆ ಸಾಕು. ಅದು ಮೆಟ್ಟಿಲ ಕೆಳಗೇ ಇರಬೇಕು ಎಂಬುದು ಮುಖ್ಯ. ನಾಲ್ಕು ಇಟ್ಟಿಗೆ, ಎರಡು ಹಲಗೆ ಇಟ್ಟರೆ ಚಪ್ಪಲಿ ಇಡಲು ಎರಡು ಅಂತಸ್ತಾಗುತ್ತದೆ. ನೆಲ ಗುಡಿಸಲೂ ಅನುಕೂಲ.

3. ನೀರು ಮತ್ತು ಸಾಬೂನು: ಅಡುಗೆ ಎಣ್ಣೆಯ ಹದಿನೈದು ಲೀಟರಿನ ಖಾಲಿ ಡಬ್ಬಿಗೆ ಕೆಳಗೆ ಒಂದು ಪ್ಲಾಸ್ಟಿಕ್ ನಲ್ಲಿ ಕೂಡಿಸಿ, ಸೊಂಟದೆತ್ತರದ ಕಟ್ಟೆಯ ಮೇಲಿಡಿ. ಸಾಬೂನನ್ನು ಬಲೆಯ ಚೀಲದಲ್ಲಿ ಹಾಕಿ ತೂಗುಬಿಟ್ಟರೆ ಕರಗಿ ಹೋಗುವುದಿಲ್ಲ, ಕಾಗೆ ಒಯ್ಯುವುದಿಲ್ಲ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಕೀಟನಾಶಕದ ಡಬ್ಬಿಯನ್ನು ಎಷ್ಟೇ ತೊಳೆದರೂ ನೀರಿಗೆ, ಹಾಲಿಗೆ, ಹಿಂಡಿಗೆ ಬಳಸಬಾರದು. ಚಪ್ಪಲಿ ಉಜ್ಜಲು ತೆಂಗಿನ ನಾರಿನ ಒಂದು ಕುಂಚ ಅಲ್ಲೇ ಇರಲಿ.

4. ಹಾಲಿನ ಪಾತ್ರೆಯ ಅಟ್ಟಣಿಗೆ: ಇದು ಗೆರೆಯ ಈಚೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಬಿಸಿಲು ಬೀಳುವ ಕಡೆ ಇರಲಿ. ಬಿದಿರಿನ ದಬ್ಬೆಯಿಂದ ಅಥವಾ ಹಳೆಯ ಮಂಚದ ಪಟ್ಟಿಯಿಂದ ಮಾಡಿ. ಹಲಗೆಯಂತೆ ಮುಚ್ಚಿರಬಾರದು, ನೀರು ಸೋರಿ ಗಾಳಿಯಾಡಬೇಕು. ಪಾತ್ರೆ ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ತೊಳೆಯುವ ಪುಡಿ ಬೆರೆಸಿದ ಬಿಸಿನೀರು, ಕೊನೆಗೆ ಶುದ್ಧ ನೀರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಬೆಂದು ಪಾತ್ರೆಗೆ ಅಂಟಿಕೊಳ್ಳುತ್ತದೆ. ತೊಳೆದ ಕ್ಯಾನನ್ನು ಬೋರಲು ಹಾಕಿ, ಮುಚ್ಚಳವನ್ನು ಪಕ್ಕದಲ್ಲಿ ಬೇರೆಯಾಗಿಡಿ.

5. ಗೂಟಗಳು: ಗೋಡೆಗೆ ಆರು ಗೂಟಗಳ ಒಂದು ಹಲಗೆ ಬಡಿಯಿರಿ. ಜಾಲಿಯ ಕಟ್ಟಿಗೆಯ ಗೂಟವಾದರೂ ಸರಿ. ಹಿಂಡುವಾಗ ಹಾಕುವ ಹಳೆಯ ಅಂಗಿ, ತಲೆಗೆ ಕಟ್ಟುವ ಬಟ್ಟೆ, ಕೆಚ್ಚಲು ಒರೆಸುವ ಬಟ್ಟೆ, ಹಗ್ಗ, ಕುಡಗೋಲು ಪ್ರತಿಯೊಂದಕ್ಕೂ ಅದರದೇ ಗೂಟ. ಕುಡಗೋಲಿನ ಗೂಟ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಕೊಟ್ಟಿಗೆಯ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ಸೇರಿಸಿ ಒಗೆಯಬೇಡಿ.

6. ಹಿಂಡಿ ಚೀಲ: ನೆಲಕ್ಕೂ ಗೋಡೆಗೂ ತಾಗದಂತೆ ಇರಬೇಕು. ಇಟ್ಟಿಗೆಯ ಮೇಲೆ ಹಲಗೆ ಹಾಕಿ, ನೆಲದಿಂದ ಅರ್ಧ ಅಡಿ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಿ. ತೇವ ತಗುಲಿ ಬೂಷ್ಟು ಬಂದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಅದು ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಚೆಲ್ಲಿದ ಹಿಂಡಿಯನ್ನು ದಿನವೂ ಗುಡಿಸಿ, ಇಲ್ಲವಾದರೆ ಇಲಿ ಬರುತ್ತದೆ. ಇಲಿಯ ಉಚ್ಚೆಯಿಂದಲೂ ಜ್ವರ ಹರಡುತ್ತದೆ.

7. ಬೀಗದ ಪೆಟ್ಟಿಗೆ: ದನದ ಔಷಧ, ಉಣ್ಣೆಗೆ ಹಚ್ಚುವ ಔಷಧ, ಸೂಜಿಗಳಿಗೆ ಬೀಗವಿರುವ ಒಂದು ತಗಡಿನ ಪೆಟ್ಟಿಗೆ ಎತ್ತರದಲ್ಲಿರಲಿ. ಬೆಳೆಯ ಕೀಟನಾಶಕ, ಪಂಪು ಈ ಜಾಗದಲ್ಲಿ ಬೇಡವೇ ಬೇಡ. ಹೊಲದ ಮನೆಯಲ್ಲೋ ಬೇರೆ ಕೋಣೆಯಲ್ಲೋ ಬೀಗ ಹಾಕಿಡಿ.

ಅಂದವೂ ಬೇಕು

ಕೊಟ್ಟಿಗೆಯ ಬಾಗಿಲಿಗೆ ಅಂದವೇಕೆ ಎಂದು ಕೇಳಬಹುದು. ನನ್ನ ಅನುಭವದಲ್ಲಿ, ನೋಡಲು ಚೆನ್ನಾಗಿರುವ ಜಾಗವನ್ನು ಮನೆಯವರೆಲ್ಲ ಚೊಕ್ಕಟವಾಗಿಡುತ್ತಾರೆ. ಗಲೀಜಾದ ಜಾಗಕ್ಕೆ ಎಲ್ಲರೂ ಇನ್ನಷ್ಟು ಸೇರಿಸುತ್ತಾರೆ.

ಎಲ್ಲಕ್ಕಿಂತ ಅಗ್ಗದ ಬಣ್ಣ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಮರುದಿನ ಸೋಸಿ, ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ ಬೆರೆಸಿ ಬಳಿಯಿರಿ. ಸುಣ್ಣ ಕುದಿಯುವಾಗ ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸುಣ್ಣ ರೋಗಾಣುಗಳನ್ನು ತಗ್ಗಿಸುತ್ತದೆ. ಬಿಳಿ ಗೋಡೆಯಿಂದ ಜಾಗ ಬೆಳಕಾಗುತ್ತದೆ, ಕೊಳೆ ಎಲ್ಲಿದೆ ಎಂದು ಕಾಣುತ್ತದೆ. ವರ್ಷಕ್ಕೆ ಎರಡು ಸಲ ಸಾಕು: ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚುವ ಮೊದಲು ಒಮ್ಮೆ, ಮಳೆಗಾಲ ಮುಗಿದು ದೀಪಾವಳಿಗೆ ಮನೆ ಸಾರಿಸುವಾಗ ಒಮ್ಮೆ. ಬುಡಕ್ಕೆ ಒಂದು ಗೇಣು ಕೆಮ್ಮಣ್ಣಿನ ಪಟ್ಟಿ ಹೊಡೆದರೆ ಕೆಸರಿನ ಕಲೆ ಎದ್ದು ಕಾಣುವುದಿಲ್ಲ. ಮೆಟ್ಟಿಲ ಅಂಚಿಗೆ ಬಿಳಿ ಗೆರೆ ಎಳೆಯಿರಿ, ನಸುಕಿನಲ್ಲಿ ಎಡವುವುದು ತಪ್ಪುತ್ತದೆ. ಮೆಟ್ಟಿಲ ಮೇಲ್ಭಾಗದಲ್ಲಿ ರಂಗೋಲಿ ಹಾಕಿದರೆ ಚಪ್ಪಲಿ ಕಾಲಿನಲ್ಲಿ ಅದನ್ನು ತುಳಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನು ಹೇಳುವ ಗೆರೆಯನ್ನು ಆ ರಂಗೋಲಿಯೇ ಕಾಯುತ್ತದೆ. ಒಂದು ಎಲ್‌ಇಡಿ ಬಲ್ಬು ಹಾಕಿಸಿ. ಹಳೆಯ ಸೀರೆಯ ಪರದೆ, ಗೋಣಿಚೀಲದ ಕಾಲೊರಸು ಬೇಡ. ಅವು ಸದಾ ಒದ್ದೆಯಾಗಿದ್ದು ನೊಣ ಸಾಕುತ್ತವೆ.

ಗೋಡೆಯ ಮೇಲೆ ಎರಡು ಅಡಿ ಚೌಕದ ಜಾಗಕ್ಕೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿ. ಶಾಲೆಗೆ ಹೋಗುವ ಮಗ ಅಥವಾ ಮಗಳಿಗೆ ಅದರ ಜವಾಬ್ದಾರಿ ಕೊಡಿ. ಪ್ರತಿ ಆಕಳು, ಎಮ್ಮೆಯ ಹೆಸರು, ಕಿವಿಯೋಲೆಯ ಹನ್ನೆರಡು ಅಂಕಿ, ಗರ್ಭಧಾರಣೆ ಮಾಡಿಸಿದ ದಿನ, ಈಯುವ ದಿನ, ಮುಂದಿನ ಲಸಿಕೆ ಅಲ್ಲಿ ಬರೆದಿರಲಿ. ಆಕಳಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ದನಕ್ಕೆ ಪ್ರತಿಜೀವಕದ ಇಂಜೆಕ್ಷನ್ ಆಗಿದ್ದರೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದು ವೈದ್ಯರನ್ನು ಕೇಳಿ ಅದನ್ನೂ ಬರೆಯಿರಿ. ಅತ್ತೆಗೆ ಗೊತ್ತಿದ್ದು ಸೊಸೆಗೆ ಗೊತ್ತಿಲ್ಲದೆ ಆ ಹಾಲು ಕ್ಯಾನಿಗೆ ಬೀಳುವುದು ಆಗ ತಪ್ಪುತ್ತದೆ.

ರೋಗದ ಕಾಲದಲ್ಲಿ

ಊರಲ್ಲಿ ಕಾಲುಬಾಯಿ ಬೇನೆ ಇದೆ ಎಂದು ಕೇಳಿದೊಡನೆ ಮೆಟ್ಟಿಲ ಕೆಳಗೆ ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ವಾಷಿಂಗ್ ಸೋಡಾ ನೀರು ಇಡಿ. 10 ಲೀಟರ್ ನೀರಿಗೆ 400 ಗ್ರಾಂ ಸೋಡಾ. ಚಪ್ಪಲಿಯ ಸಗಣಿಯನ್ನು ಮೊದಲು ಕುಂಚದಿಂದ ಉಜ್ಜಿ ತೆಗೆದು ಆಮೇಲೆ ಅದ್ದಬೇಕು; ಸಗಣಿಯೊಳಗೆ ಅಡಗಿದ ವೈರಾಣುವನ್ನು ಸೋಡಾ ಮುಟ್ಟುವುದಿಲ್ಲ. ನೀರು ಕೊಳೆಯಾದೊಡನೆ ಬದಲಿಸಿ. ಬರಿಗೈಯನ್ನು ಆ ನೀರಿನಲ್ಲಿ ಅದ್ದಬೇಡಿ, ಚರ್ಮ ಉರಿಯುತ್ತದೆ.

ಆಕಳು ಕಂದು ಹಾಕಿದರೆ ಗರ್ಭಿಣಿಯರು, ಮಕ್ಕಳು ಹತ್ತಿರ ಹೋಗಬಾರದು. ಕೈಗೆ ಗವಸು, ಇಲ್ಲವಾದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಾಸು, ಕರುವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿಗೆ ಎಸೆಯಬೇಡಿ. ಆ ದಿನದ ಬಟ್ಟೆ, ಚಪ್ಪಲಿ ತೊಳೆಯದೆ ಗೆರೆ ದಾಟಬಾರದು. ಪಶುವೈದ್ಯರಿಗೆ ತಿಳಿಸಿ. ಆಮೇಲೆ ಮನೆಯಲ್ಲಿ ಯಾರಿಗಾದರೂ ಬಿಟ್ಟುಬಿಟ್ಟು ಜ್ವರ ಬಂದರೆ, ದನ ಕಂದು ಹಾಕಿದ್ದನ್ನು ಆಸ್ಪತ್ರೆಯ ವೈದ್ಯರಿಗೆ ನೀವೇ ಹೇಳಿ. ನೀವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ.

ಖರ್ಚು ಮತ್ತು ಕೆಲಸ

ಹಣ ಕೊಟ್ಟು ತರಬೇಕಾದವು ಸಿಮೆಂಟು, ನಲ್ಲಿ, ಸುಣ್ಣ, ಮೊಳೆ, ಬಲ್ಬು, ಬೀಗ. ಉಳಿದದ್ದು ಹಿತ್ತಲಲ್ಲೇ ಇದೆ. ದಿನಕ್ಕೆ ಹತ್ತು ಲೀಟರ್ ಹಾಲು ಹಾಕುವ ಮನೆಗೆ ಇದು ಒಂದು ವಾರದ ಬಟವಾಡೆ ದಾಟುವುದಿಲ್ಲ ಎಂಬುದು ನನ್ನ ಅಂದಾಜು. ಅದನ್ನೂ ಒಮ್ಮೆಲೇ ಮಾಡಬೇಕಾಗಿಲ್ಲ. ಮೊದಲ ರವಿವಾರ ಜಾಗ ಖಾಲಿ ಮಾಡಿ, ಸುಣ್ಣ ಹೊಡೆಯಿರಿ. ಎರಡನೆಯ ರವಿವಾರ ಮೆಟ್ಟಿಲು, ನೆಲ. ಮೂರನೆಯ ರವಿವಾರ ನೀರಿನ ಡಬ್ಬಿ, ಅಟ್ಟಣಿಗೆ, ಗೂಟ. ಏನೂ ಸಾಧ್ಯವಿಲ್ಲ ಎನ್ನುವವರು ನೀರು, ಸಾಬೂನಿನಿಂದ ಆರಂಭಿಸಿ.

ಗಂಡಸರಿಗೆ ಒಂದು ಮಾತು. ಹಾಲು ಹಿಂಡುವುದು, ಪಾತ್ರೆ ತಿಕ್ಕುವುದು, ಸಗಣಿ ಬಾಚುವುದು ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿಗಿದೆ. ರೋಗ ತಗಲುವುದೂ ಮೊದಲು ಅವರಿಗೇ. ಈ ಮೂರು ರವಿವಾರದ ಕೆಲಸ ನಿಮ್ಮದು ಎಂದು ತಿಳಿಯಿರಿ. ಆಮೇಲೆ ಹೊಲದಿಂದ ಬಂದಾಗ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡುವುದೂ ನಿಮ್ಮದು. ಯಜಮಾನನೇ ಗೆರೆ ದಾಟಿದರೆ ಮಕ್ಕಳು ಅದನ್ನು ಪಾಲಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಒಂದು ಸುಲಭ ಪರೀಕ್ಷೆ ಇದೆ. ರಾತ್ರಿ ಊಟಕ್ಕೆ ಮುಂಚೆ ಅಡುಗೆಮನೆಯ ನೆಲವನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಯ ಮೇಲೆ ಸಗಣಿಯ ಬಣ್ಣ ಕಾಣದಿದ್ದರೆ ನಿಮ್ಮ ಗೆರೆ ಸರಿಯಾಗಿದೆ. ಅಂಬೆಗಾಲಿಡುವ ಮಗು ಆ ನೆಲದ ಮೇಲೆಯೇ ಓಡಾಡಿ, ಅದೇ ಕೈಯನ್ನು ಬಾಯಿಗೆ ಹಾಕುತ್ತದೆ ಎಂಬುದು ನೆನಪಿರಲಿ.

ಸಂಶಯವಿದ್ದವರು ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಕೇಳಿ ಕಳಿಸಿ. ನಿಮ್ಮೂರಿಗೆ ಬಂದಾಗ ನಾನೂ ಮೆಟ್ಟಿಲ ಕೆಳಗೇ ಬೂಟು ಬಿಟ್ಟು, ನಿಮ್ಮ ಡಬ್ಬಿಯ ನೀರಿನಲ್ಲಿ ಕೈ ತೊಳೆದೇ ಒಳಗೆ ಬರುತ್ತೇನೆ.